ಮೇಳ ಬಿಟ್ಟು ಹೊರಡುವಾಗ ಕರೆದ ಹೆಸರು

ಬೆಸಾವೊ
ಅಕ್ಟೋಬರ್ 27, 2017

ನನ್ನ ಅಕ್ಕ ಫೆರ್ಮಿನಾಗೆ,

ನಿನ್ನ ತಂಗಿ ಸಲಿಬಾಯ್ ಮಾಡುವ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ನೀನು ಕಳಿಸಿದ ಒಣಮೀನು ಬಂದು ಸೇರಿತು. ಅರ್ಧ ನಾನು ತಿಂದೆ, ಅರ್ಧ ಬೆಕ್ಕು ತಿಂದಿತು, ಇಬ್ಬರೂ ನಿನ್ನನ್ನು ಹರಸಿದೆವು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಇಷ್ಟು ದಿನ ಕಳೆದದ್ದಕ್ಕೆ ಬೈಯಬೇಡ. ಬೈದರೂ ನನಗೆ ಇಲ್ಲಿಗೇ ಕೇಳಿಸೀತು. ಕಿವಿ ಮಂದವಾದ ಮೇಲೆ ನಿನ್ನ ಧ್ವನಿ ಎಷ್ಟು ಜೋರಾಗಿದೆಯೆಂದರೆ, "ದೊಡ್ಡಮ್ಮ ತಬೂಕಿನ ಮನೆ ಅಂಗಳದಲ್ಲಿ ನಿಂತು ಕೂಗಿದ್ರೆ ಸಾಕು, ಫೋನಿಗೆ ಯಾಕೆ ದುಡ್ಡು ಹಾಕ್ಬೇಕು" ಎಂದು ನನ್ನ ಮಗಳು ವಿನಾ ನಗುತ್ತಿದ್ದಳಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಕೇಳಿಸಬೇಕಾದರೆ ನಾನು ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ.

ನನ್ನ ಬಗ್ಗೆ ಒಂದು ಕಥೆ ನಿನ್ನವರೆಗೂ ಬಂದಿರಬೇಕು. ಅದನ್ನು ಮೊದಲು ಹೇಳಿದವಳು ನಾನಲ್ಲ, ಪಕ್ಕದ ಮನೆಯ ಅಗಾಪಿಟಾ. ನಾವು ಮನಿಲಾದಿಂದ ಬಂದ ದಿನ ಸಂಜೆ, ಬೆನ್ನ ಮೇಲಿನ ಬುಟ್ಟಿ ಇಳಿಸುವ ಮೊದಲೇ, ನನ್ನ ಅಡುಗೆಮನೆಯ ಹೊಸಿಲಲ್ಲಿ ನಿಂತು ಶುರು ಮಾಡಿದಳು. ಗೆಣಸು ಬೇಯಿಸಿಕೊಂಡು ಬಂದಿದ್ದ ಹೆಂಗಸರು ಕೇಳಿದರು. ಅವರಿಂದ ಗಂಡಸರು ಕೇಳಿದರು. ಆಮೇಲೆ ಕಥೆ ತಾನೇ ಜೀಪ್ನಿ ಹತ್ತಿ ಹೊರಟಿತು. ನಮ್ಮ ಬೆಟ್ಟದಿಂದ ನಿಮ್ಮ ಬಯಲಿಗೆ ಇಳಿಯುವಷ್ಟರಲ್ಲಿ ನಾನು ಮನಿಲಾದ ಬೀದಿಯಲ್ಲಿ ತಲೆ ಕೆದರಿಕೊಂಡು ಓಡಿದೆ ಎಂದೂ ಆಗಿರಬಹುದು. ಓಡಲಿಲ್ಲ ಅಕ್ಕ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೈಮಗ್ಗ ಮತ್ತು ಕರಕುಶಲದ ಆ ಮೇಳಕ್ಕೆ ಕರೆ ಬಂದಿದ್ದು ವಿನಾಳಿಗೆ. ಮೇ ತಿಂಗಳಲ್ಲೇ ಬಂದಿತ್ತು. ಜನರ ಮುಂದೆ ಕೂತು ಸೊಂಟದ ಮಗ್ಗದಲ್ಲಿ ನೇಯ್ದು ತೋರಿಸಬೇಕು, ಹೋಗಿ ಬರುವ ಖರ್ಚು ಅವರದೇ ಎಂದಿದ್ದರು. ಅವಳಿಗೆ ಖುಷಿಯೋ ಖುಷಿ. ಅವತ್ತೇ ಹೊಸ ಕಂಬಳಿಗೆ ನೂಲು ಹೂಡಿದಳು. ಕೆಂಪು, ಕಪ್ಪು, ನಡುವೆ ನಮ್ಮ ಅಮ್ಮ ಹಾಕುತ್ತಿದ್ದ ಬಿಳಿ ಹಲ್ಲಿಯ ಸಾಲು. "ಮದುವೆ ಮಾಡ್ಕೋ ಅಂದ್ರೆ ಮಗ್ಗ ಕಟ್ಟಿಕೊಂಡು ಕೂತ್ಕೋತೀಯಲ್ಲೇ" ಎಂದು ನಾನು ಗೊಣಗಿದರೆ, "ಕಟ್ಟಿಕೊಂಡಿದ್ದೀನಲ್ಲಮ್ಮ, ಸೊಂಟಕ್ಕೇ ಕಟ್ಟಿಕೊಂಡಿದ್ದೀನಿ. ಯಾವ ಗಂಡ ಇಷ್ಟು ಹತ್ತಿರ ಕೂರ್ತಾನೆ" ಎಂದಳು.

ಜೂನ್‌ನ ಮೊದಲ ಮಳೆಗೆ ಗದ್ದೆಯ ಕಲ್ಲುಗೋಡೆಯ ಹುಲ್ಲು ಕೀಳಲು ಹೋಗಿ ಜಾರಿದಳು. ಅದು ನಿನಗೆ ಗೊತ್ತು. ಬೊಂಟಾಕಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಉಸಿರಿತ್ತು, ಎಚ್ಚರವಿರಲಿಲ್ಲ. ಅಗಾಪಿಟಾಳನ್ನು ಅಲ್ಲಿ ಕೂರಿಸಿ, ವಿನಾಳ ಅಂಗಿ ಹಿಡಿದುಕೊಂಡು ನಾನು ವಾಪಸ್ಸು ಗೋಡೆಯ ಹತ್ತಿರ ಬಂದೆ. ಬಿದ್ದ ಜಾಗದಲ್ಲಿ ಜೀವ ಬೆದರಿ ಕೂತಿರುತ್ತದೆ, ಹೆತ್ತವಳೇ ಹೋಗಿ ಕರೆಯಬೇಕು ಎಂದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಕರೆದೆ. ಗಂಟಲು ಒಡೆಯುವವರೆಗೆ ಕರೆದೆ. ಕರೆಗೆ ಬಂದ ಜೀವ ಕೂರುವ ಅಂಗಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಜೀಪ್ನಿಯಲ್ಲಿ ಮತ್ತೆ ಆಸ್ಪತ್ರೆಗೆ ಹೋದೆ. ನಾನು ಅಂಗಿಯನ್ನು ಅವಳ ಎದೆಯ ಮೇಲೆ ಹಾಸುವಾಗ ಅಗಾಪಿಟಾ ನನ್ನ ಕೈ ಹಿಡಿದುಕೊಂಡಳು. ಆ ಹಿಡಿತದಲ್ಲೇ ತಿಳಿಯಿತು.

ಮಗ್ಗ ಅರ್ಧ ನೇಯ್ದ ಬಟ್ಟೆಯ ಸಮೇತ ಗೋಡೆಗೆ ಒರಗಿ ನಿಂತಿತ್ತು. ನಾಲ್ಕು ತಿಂಗಳು ನಾನು ಅದರ ಧೂಳು ಒರೆಸಿದೆ ಅಷ್ಟೆ. ನಮ್ಮೂರ ಹಿರಿಯ ದಮ್ಮಾಯ್ ಅಜ್ಜ ಒಂದು ದಿನ ಒಳಗೆ ಬಂದವನು ಅದನ್ನು ನೋಡಿ, "ಹೋದವಳ ಬಟ್ಟೆ ಹೀಗೆ ಬಾಯಿ ತೆರೆದುಕೊಂಡು ಇರ್ಬಾರದು ಕಣೇ. ಒಂದೋ ಕತ್ತರಿಸು, ಇಲ್ಲಾ ಮುಗಿಸು" ಎಂದ. ಕತ್ತರಿ ಹಿಡಿದು ಕೂತರೆ ಕೈ ಬರಲಿಲ್ಲ. ಅಷ್ಟರಲ್ಲಿ ಅಗಾಪಿಟಾ ಬಂದಳು. ಅವಳೂ ತನ್ನ ಬುಟ್ಟಿಗಳನ್ನು ತೆಗೆದುಕೊಂಡು ಅದೇ ಮೇಳಕ್ಕೆ ಹೊರಟಿದ್ದಳು. "ಅವಳ ಜಾಗದಲ್ಲಿ ನೀನು ಬಾ ಅಕ್ಕ. ನಾಲ್ಕು ಜನ ನೋಡೋ ಹಾಗೆ ಆ ಬಟ್ಟೆ ಮುಗೀಲಿ. ಇಲ್ಲಿ ಕೂತು ಒಲೆ ಊದಿ ಊದಿ ನೀನೇ ಹೊಗೆಗೆ ಕಟ್ಟಿದ ಹಂದಿಮಾಂಸ ಆಗ್ತಿದ್ದೀಯ" ಎಂದಳು. ಹೊರಟೆ.

ಮನಿಲಾದ ಸೆಕೆಯ ವಿಷಯ ಬರೆಯುವುದಿಲ್ಲ, ಕಾಗದ ಒದ್ದೆಯಾದೀತು. ಮೇಳದ ಹಾಲ್ ನಮ್ಮ ಇಗರ್ಜಿಯನ್ನು ಒಳಗಿಟ್ಟು ಬೀಗ ಹಾಕುವಷ್ಟು ದೊಡ್ಡದು. ನಮ್ಮ ಜಾಗ ಹುಡುಕುತ್ತ ಹೋದರೆ ಅವಳು ನನ್ನನ್ನೇ ನೋಡಿ ನಗುತ್ತಿದ್ದಳು. ಆಳೆತ್ತರದ ಚಿತ್ರ ಅಕ್ಕ. ಕಳೆದ ವರ್ಷ ಯಾರೋ ಬಂದು ತೆಗೆದುಕೊಂಡು ಹೋಗಿದ್ದರಂತೆ. ಮಗ್ಗದಲ್ಲಿ ಕೂತು ಯಾರದೋ ಮಾತಿಗೆ ತಲೆಯೆತ್ತಿ ನಗುತ್ತಿದ್ದಾಳೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಅವಳ ಪೂರ್ತಿ ಹೆಸರು: ಲುಡಿವಿನಾ ಪಡ್ಕಾಯಾನ್, ನೇಕಾರ್ತಿ, ಬೆಸಾವೊ.

ಮೇಳದವರ ಹುಡುಗಿ ಕ್ಲಾರಿಸ್ ಅಂತ, ಒಳ್ಳೆಯ ಮಗು, ಬಿಳಿ ಕಾಗದದ ಪಟ್ಟಿ ಹಿಡಿದು ಓಡಿ ಬಂದಳು. ಅವಳ ಕಣ್ಣಲ್ಲಿ ಆಗಲೇ ನೀರಿತ್ತು. "ಅಜ್ಜಿ, ವಿಷಯ ನಮಗೆ ತಿಳಿಯೋಷ್ಟರಲ್ಲಿ ಬೋರ್ಡ್ ಎಲ್ಲಾ ಅಚ್ಚಾಗಿತ್ತು. ಈಗ ಇದನ್ನ ಮೇಲೆ ಅಂಟಿಸ್ತೀನಿ, ನಿಮ್ಮ ಹೆಸರು ಬರೀತೀನಿ" ಎಂದಳು.

"ಬೇಡ ಮಗಳೇ, ಚೆನ್ನಾಗಿರೋ ಬೋರ್ಡಿಗೆ ತೇಪೆ ಯಾಕೆ" ಎಂದೆ.

ಅಗಾಪಿಟಾ ನನ್ನ ಮುಖ ನೋಡಿ, ತನ್ನ ಬುಟ್ಟಿಗಳನ್ನು ಇಳಿಸತೊಡಗಿದಳು.

ಮಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಲು ಹೋದರೆ ಕಾವಲುಗಾರ ಬಂದ. "ಅಜ್ಜಿ, ಆ ಕಂಬಕ್ಕೆ ಕಟ್ಟಿ ಎಳೀಬೇಡಿ, ಮಾಡು ಬಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ." ಅಗಾಪಿಟಾ, "ಹಾಗಾದ್ರೆ ನೀನೇ ನಿಲ್ಲಪ್ಪ ಕಂಬದ ಹಾಗೆ, ನಿನ್ನ ಕುತ್ತಿಗೆಗೇ ಕಟ್ತೀವಿ" ಎಂದಳು. ಅವನು ನಗುತ್ತ ತಾನೇ ಹಗ್ಗ ಬಿಗಿದು ಕೊಟ್ಟ.

ಆಮೇಲೆ ವಿನಾಳ ಮಗ್ಗದ ಸೊಂಟಪಟ್ಟಿಯನ್ನು ಬೆನ್ನಿಗೆ ಹಾಕಿಕೊಂಡೆ. ಅವಳ ಸೊಂಟದ ಬಾಗು ಅದರಲ್ಲಿ ಹಾಗೇ ಉಳಿದಿತ್ತು. ನಾನು ಹಿಂದಕ್ಕೆ ಒರಗಿದೆ, ನೂಲು ಬಿಗಿಯಾಯಿತು. ನಿನಗೆ ಗೊತ್ತಲ್ಲ, ಮರದ ಮಗ್ಗವಾದರೆ ಯಾರು ಕೂತರೂ ಒಂದೇ, ಈ ಮಗ್ಗ ಹಾಗಲ್ಲ. ಬೆನ್ನು ಎಳೆದಷ್ಟೇ ಬಟ್ಟೆ ಬಿಗಿ, ಉಸಿರು ಬಿಟ್ಟರೆ ಅದೂ ಉಸಿರು ಬಿಡುತ್ತದೆ. ಅವಳದು ಮೆತ್ತಗಿನ ಕೈ. ನನ್ನದು ಅಮ್ಮನ ಹಾಗೆ ಗಡಸು. ಒಂದು ಬೆರಳಗಲ ನೇಯುವಷ್ಟರಲ್ಲಿ ಅಡ್ಡಕ್ಕೆ ಒಂದು ಗೆರೆ ಎದ್ದು ಕಂಡಿತು. ಗೆರೆಯ ಆಚೆ ಅವಳು, ಈಚೆ ನಾನು. ಅದನ್ನು ಸರಿಮಾಡೋಣವೆಂದು ಬೆನ್ನು ಸಡಿಲಿಸಿ, ಕೈ ಹಗುರ ಮಾಡಿ, ಅವಳ ಹಾಗೆ ಕೂರಲು ನೋಡಿದೆ. ಆಗಲಿಲ್ಲ.

ಮೊದಲ ದಿನವೇ ಮುತ್ತಿನ ಓಲೆಯ ಒಬ್ಬಾಕೆ ಬಂದು ಆ ಗೆರೆಯ ಮೇಲೆ ಬೆರಳಿಟ್ಟು, "ಇದೇನಿದು, ಎಷ್ಟು ಚೆನ್ನಾಗಿದೆ. ಬೇಕಂತಲೇ ಹೀಗೆ ಮಾಡಿದ್ರಾ?" ಎಂದು ಕೇಳಿದಳು.

"ಅಲ್ಲಿ ಊಟಕ್ಕೆ ಎದ್ದಿದ್ದೆ" ಎಂದೆ.

ಅಗಾಪಿಟಾ ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡು ಕೂತಳು.

ಬಂದವರೆಲ್ಲ ಚಿತ್ರ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು. "ಇದು ನೀವೇನಾ ಅಜ್ಜಿ?" ಎಂದು ಕೆಲವರು. "ಇವರೇ, ಮನಿಲಾದ ಸೆಕೆಗೆ ಸ್ವಲ್ಪ ಬತ್ತಿದ್ದಾರೆ" ಎಂದು ಅಗಾಪಿಟಾ ಮೊದಮೊದಲು ತಮಾಷೆ ಮಾಡಿ ನನ್ನನ್ನು ಉಳಿಸುತ್ತಿದ್ದಳು. ಆಮೇಲೆ ಕೇಳುವುದೂ ನಿಂತಿತು. ಬೋರ್ಡಿನಲ್ಲಿ ಇರುವುದೇ ನನ್ನ ಹೆಸರಾಯಿತು. ಲುಡಿವಿನಾ, ಈ ಚೀಲಕ್ಕೆ ಎಷ್ಟು? ಲುಡಿವಿನಾ ಅವರೇ, ಒಂದು ಫೋಟೋ. ನಾನು "ಓ" ಎನ್ನುತ್ತಿದ್ದೆ. ನಾಲ್ಕು ತಿಂಗಳಿಂದ ಬೆಸಾವೊದಲ್ಲಿ ಯಾರೂ ನನ್ನೆದುರು ಆ ಹೆಸರು ಎತ್ತಿರಲಿಲ್ಲ. ನನ್ನನ್ನು ನೋಯಿಸಬಾರದೆಂದು "ಆ ಮಗು" ಎನ್ನುತ್ತಿದ್ದರು. ಇಲ್ಲಿ ಪರಊರಿನ ಜನ ದಿನವಿಡೀ ಕೂಗುತ್ತಿದ್ದರು.

ಎದುರಿನ ಅಂಗಡಿ ಸಮಾರ್ ದ್ವೀಪದ ಚಾಪೆಯವಳದು. ಪೊಟೆನ್ಸಿಯಾನಾ ಎಂದು ಹೆಸರು, ನಮ್ಮದೇ ವಯಸ್ಸು, ಬಾಯಿತುಂಬ ಬಂಗಾರದ ಹಲ್ಲು. ಮಧ್ಯಾಹ್ನ ಜನ ಕಡಿಮೆಯಾದಾಗ ಹೂವಿನ ಚಿತ್ತಾರದ ಹೊಸ ಚಾಪೆ ಬಿಚ್ಚಿ, "ಬಾ ವಿನಾ, ಬೆನ್ನು ನೋಯ್ತಿರಬೇಕು, ಸ್ವಲ್ಪ ಮಲಕ್ಕೋ" ಎಂದಳು. ಮಾರುವ ಚಾಪೆ ಕೊಳೆಯಾಗುತ್ತದೆ ಎಂದರೆ, "ಮಲಗದೆ ಇರೋದಕ್ಕೆ ಯಾರು ಹೆಣೀತಾರೆ" ಎಂದು ನನ್ನ ತಲೆಯಡಿಗೆ ತನ್ನ ಶಾಲು ಮಡಿಸಿಟ್ಟಳು. ಮಲಗಿದೆ. ಅವಳು ಬೀಸಣಿಗೆ ಬೀಸುತ್ತಿದ್ದಳು. "ನಿದ್ದೆ ಮಾಡು ವಿನಾ" ಎನ್ನುವುದು ಕೇಳುತ್ತಲೇ ಇತ್ತು. ಜೂನ್ ಆದ ಮೇಲೆ ನಾನು ನಿದ್ದೆ ಎಂದು ಕರೆಯಬಹುದಾದದ್ದು ಮಾಡಿದ್ದು ಅಲ್ಲೇ, ಆ ಗದ್ದಲದ ನಡುವೆ.

ಕೊನೆಯ ದಿನ ಮೈಕಿನಲ್ಲಿ ಕರೆದರು. "ಲುಡಿವಿನಾ ಪಡ್ಕಾಯಾನ್, ದಯವಿಟ್ಟು ವೇದಿಕೆಗೆ ಬನ್ನಿ." ಎಲ್ಲ ನೇಕಾರರಿಗೂ ಒಂದು ಹಾರ, ಒಂದು ಪ್ರಶಸ್ತಿಪತ್ರ. ನಾನು ಏಳಲಿಲ್ಲ. ಮತ್ತೆ ಕರೆದರು. ಆ ಸದ್ದು ಮಾಡಿಗೆ ಬಡಿದು ನಾಲ್ಕೂ ಕಡೆಯಿಂದ ಬಂತು. ಮೂರನೆಯ ಸಲ ಕರೆದಾಗ, "ಹೋಗಕ್ಕ, ಹೋಗಿ ತಗೋ, ಅವಳದೇ ಅಲ್ವಾ" ಎಂದು ಅಗಾಪಿಟಾ ನನ್ನ ಬೆನ್ನಿನ ಪಟ್ಟಿ ಬಿಚ್ಚಿದಳು. ಹೋದೆ. ಜನ ಚಪ್ಪಾಳೆ ತಟ್ಟಿದರು. ಇಷ್ಟು ಜನ ಒಟ್ಟಿಗೆ ಕರೆದರೆ ಎಂಥವರೂ ತಿರುಗಿ ನೋಡಿಯಾರು ಎಂದು ಅಲ್ಲಿ ನಿಂತಾಗ ನನಗೆ ಅನ್ನಿಸಿತು.

ಸಂಜೆ ಎಲ್ಲರೂ ಗಂಟು ಕಟ್ಟಿದರು. ಬಟ್ಟೆ ಮುಗಿದಿತ್ತು. ಮುತ್ತಿನ ಓಲೆಯವಳು ಮತ್ತೆ ಬಂದು ಎಷ್ಟಾದರೂ ಸರಿ ಎಂದಳು. ಇದು ಮಾರುವುದಲ್ಲ ಎಂದು ಹೇಳಿ ಅದನ್ನು ನನ್ನ ಹೆಗಲಿಗೆ ಹಾಕಿಕೊಂಡೆ.

ಅಕ್ಕ, ನಾವು ಚಿಕ್ಕವರಿದ್ದಾಗ ಹೊಳೆಯಿಂದ ಹೊರಡುವಾಗ ಅಮ್ಮ ನಮ್ಮಿಬ್ಬರ ಹೆಸರೂ ಕೂಗುತ್ತಿದ್ದಳಲ್ಲ. "ಫೆರ್ಮಿನಾ, ಬಾ, ಮನೆಗೆ ಹೋಗೋಣ, ಇಲ್ಲೇ ಉಳೀಬೇಡ. ಸಲಿಬಾಯ್, ಬಾ, ಮನೆಗೆ ಹೋಗೋಣ, ಇಲ್ಲೇ ಉಳೀಬೇಡ." ನಾವು ಅವಳ ಪಕ್ಕದಲ್ಲೇ ನಿಂತಿದ್ದರೂ ಕೂಗುವಳು. ಮೈ ಬಂದರೆ ಸಾಲದು, ಜೀವ ಆಟದಲ್ಲಿ ಮೈಮರೆತು ಅಲ್ಲೇ ಉಳಿದೀತು ಎಂದು. ಒಮ್ಮೆ ಅಮ್ಮ ಕರೆಯುವ ಮೊದಲೇ ನೀನು ಓಡಿಬಂದು ವಾರಗಟ್ಟಲೆ ಜ್ವರದಲ್ಲಿ ಮಲಗಿದ್ದೆ. ಅಮ್ಮ ಹೊಳೆಗೆ ಹೋಗಿ ಕರೆದುಕೊಂಡು ಬಂದ ದಿನ ನೀನೆದ್ದು ಗಂಜಿ ಕೇಳಿದೆ.

ಅಗಾಪಿಟಾ ಹಾಲ್‌ನ ಬಾಗಿಲಲ್ಲಿ ನಿಂತು ಕೂಗಿಯೇ ಬಿಟ್ಟಳು. "ಅಗಾಪಿಟಾ, ಬಾರೇ, ಮನೆಗೆ ಹೋಗೋಣ, ಈ ಸೆಕೆಯಲ್ಲಿ ಉಳೀಬೇಡ, ಕೋಳಿಗಳು ಕಾಯ್ತಿವೆ." ಕಾವಲುಗಾರ ನಕ್ಕ. "ನಗಬೇಡಪ್ಪ, ನನ್ನ ಜೀವ ಇಲ್ಲೇ ಉಳಿದ್ರೆ ನೀನೇ ಅನ್ನ ಹಾಕ್ಬೇಕು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ನಿನ್ನ ಹೆಸರು ಕರಿ ಅಕ್ಕ, ಬಸ್ಸಿಗೆ ಹೊತ್ತಾಯ್ತು" ಎಂದಳು.

ನಾನು ಹಾಲ್‌ನ ಕಡೆ ಮುಖ ಮಾಡಿದೆ. ಬೋರ್ಡುಗಳನ್ನು ಇಳಿಸುತ್ತಿದ್ದರು. ಅವಳ ಚಿತ್ರವನ್ನು ಇಬ್ಬರು ಹುಡುಗರು ಮಲಗಿಸಿ ಹೊತ್ತುಕೊಂಡು ಹೋಗುತ್ತಿದ್ದರು.

"ಲುಡಿವಿನಾ, ಬಾ, ಮನೆಗೆ ಹೋಗೋಣ. ಇಲ್ಲೇ ಉಳೀಬೇಡ" ಎಂದೆ.

ಅಗಾಪಿಟಾಳ ಕೈಯಿಂದ ಬುಟ್ಟಿಗಳು ಜಾರಿ ಮೆಟ್ಟಿಲ ಮೇಲೆ ಉರುಳಿದವು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಅಕ್ಕ, ಏನಂದೆ ನೀನು" ಎಂದಳು. ಹೊರಟುಹೋದವರನ್ನು ಹಾಗೆ ಕರೆಯಬಾರದು. ಕರೆದರೆ ಅವರ ದಾರಿಗೆ ಅಡ್ಡ ನಿಂತ ಹಾಗೆ. ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. "ಬಾಯಿ ತಪ್ಪಿತು ಕಣೇ. ದಿನವೆಲ್ಲ ಅದೇ ಹೆಸರು ಕೇಳಿ ಕೇಳಿ ಬಾಯಿ ತಪ್ಪಿತು" ಎಂದೆ. ಅವಳು ಬುಟ್ಟಿಗಳನ್ನು ಆರಿಸಿಕೊಂಡಳು. ನನ್ನ ಹೆಸರು ಕರೆಯುವುದು ಇಬ್ಬರಿಗೂ ಮರೆತುಹೋಯಿತು.

ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಒಂದು ಸೀಟು ಖಾಲಿ. ನಾನು ಹೆಗಲ ಮೇಲಿನ ಬಟ್ಟೆ ಮಡಿಸಿ ಅದರ ಮೇಲಿಟ್ಟೆ. ಕಂಡಕ್ಟರ್ ಬಂದು, "ಇಲ್ಲಿ ಯಾರಾದ್ರೂ ಬರ್ತಾರಾ ಅಜ್ಜಿ?" ಎಂದ. ನಾನು ಕಿಟಕಿಯ ಹೊರಗೆ ನೋಡಿದೆ. ಅಗಾಪಿಟಾ, "ಯಾರೂ ಇಲ್ಲ, ಆದ್ರೂ ಬಿಡಪ್ಪ" ಎಂದಳು. ಬಾಯಿ ಮುಚ್ಚದ ಆ ಹೆಂಗಸು ಊರು ಮುಟ್ಟುವವರೆಗೆ ಆ ಬಟ್ಟೆಯನ್ನೇ ನೋಡುತ್ತಿದ್ದಳು.

ಮಾತಾಡಿದ್ದು ನನ್ನ ಅಡುಗೆಮನೆಯಲ್ಲಿ. ಅವಳು ಹೇಳಿ ಮುಗಿಸಿದಾಗ ಗೆಣಸು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ದಮ್ಮಾಯ್ ಅಜ್ಜ ನನ್ನ ಕೈ ಹಿಡಿದು ನೋಡಿ, "ತಣ್ಣಗಿದೆ. ಇವಳು ಬಂದಿಲ್ಲ" ಎಂದ. "ಮಗುವಿನ ಹೆಸರು ಕರೆದು ತನ್ನದನ್ನ ಅಲ್ಲೇ ಬಿಟ್ಟು ಬಂದಿದ್ದಾಳೆ." ಅಗಾಪಿಟಾ ಅಳುತ್ತ, "ಮನಿಲಾದಿಂದ ಹ್ಯಾಗೆ ಅಜ್ಜ ಕರೆಯೋದು? ಬಸ್ಸಿನ ದಾರಿ" ಎಂದಳು. "ಬಸ್ಸು ಬರೋ ದಾರೀಲಿ ಜೀವಕ್ಕೆ ಬರೋಕಾಗಲ್ವಾ" ಎಂದ ಅಜ್ಜ.

ಮರುದಿನ ಬೆಳಿಗ್ಗೆ ಕಥೆ ಕೇಳಿದವರೆಲ್ಲ ಏನು ಮಾಡಿದರು ಗೊತ್ತೇ? ನನ್ನ ಹಳೆಯ ಅಂಗಿಯೊಂದನ್ನು ಕೇಳಿ ತೆಗೆದುಕೊಂಡು, ಒಂದು ಮೊಟ್ಟೆ, ಒಂದು ಹಿಡಿ ಅಕ್ಕಿ ಹಿಡಿದು, ಜೀಪ್ನಿ ನಿಲ್ಲುವ ತಿರುವಿಗೆ ಹೋದರು. ಹಿಂದೆ ನಾನೂ ಹೋದೆ. ಮಂಜು ಇನ್ನೂ ಎದ್ದಿರಲಿಲ್ಲ. ಅಂಗಿಯನ್ನು ಕೋಲಿಗೆ ಸಿಕ್ಕಿಸಿ ಎತ್ತಿ, ಕಣಿವೆಯ ಕಡೆ ಮುಖ ಮಾಡಿ ಒಬ್ಬೊಬ್ಬರಾಗಿ ಕೂಗಿದರು. "ಸಲಿಬಾಯ್, ಬಾರೇ, ಮನೆಗೆ ಬಾ, ಅಲ್ಲೇ ಉಳೀಬೇಡ." ಅಗಾಪಿಟಾ, "ಬಾರೇ ಮುದುಕಿ, ನಿನ್ನ ಬೆಕ್ಕು ನನ್ನ ಪ್ರಾಣ ತಿಂತಿದೆ" ಎಂದಳು. ನನ್ನ ಜೊತೆ ನೀರಿನ ಸರದಿಗೆ ಜಗಳವಾಡಿ ವರ್ಷದಿಂದ ಮಾತು ಬಿಟ್ಟಿದ್ದ ಮೇಲ್ಮನೆಯವಳೂ ಕೂಗಿದಳು. ಬೊಂಟಾಕಿಗೆ ಹೊರಟಿದ್ದ ಜೀಪ್ನಿ ನಿಂತಿತು. ಏನೆಂದು ಕೇಳಿ ಡ್ರೈವರ್ ಎಂಜಿನ್ ಆರಿಸಿದ. ಒಳಗಿದ್ದವರೂ ಮಾಡಿನ ಮೇಲಿದ್ದವರೂ ಸೇರಿ ಕೂಗಿದರು. ನನ್ನ ಹೆಸರು ಎದುರಿನ ಬೆಟ್ಟಕ್ಕೆ ಹೋಗಿ ವಾಪಸ್ಸು ಬಂತು. ಆ ಅಂಗಿಯನ್ನು ತಂದು ನನಗೆ ತೊಡಿಸಿದರು. ಬೆಚ್ಚಗಿತ್ತು. ಅಜ್ಜ ಕೈ ಹಿಡಿದು ನೋಡಿ, "ಬಂದಳು" ಎಂದ. ನಾನು ಅವತ್ತು ಎರಡು ಬಟ್ಟಲು ಅನ್ನ ಉಂಡೆ.

ಇಷ್ಟೇ ಕಥೆ. ನಿನ್ನ ತಂಗಿ ಹುಚ್ಚಿಯಾಗಿಲ್ಲ. ಮುಂದಿನ ವಾರ ಸತ್ತವರ ಹಬ್ಬ, ಸಮಾಧಿಗಳ ಮೇಲೆ ಬೆಂಕಿ ಹಾಕುವ ದಿನ. ವಿನಾಳಿಗೆ ಚಳಿಯಾಗಬಾರದೆಂದು ಒಳ್ಳೆಯ ಅಂಟಿನ ಪೈನ್ ಚಕ್ಕೆ ಕೂಡಿಟ್ಟಿದ್ದೇನೆ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಮಂಡಿಗೆ ಶುಂಠಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮನೆಯಲ್ಲಿ ಅಕ್ಕಿ ಕಡಿಮೆಯಾಗದಿರಲಿ, ಒಲೆ ಆರದಿರಲಿ.

ನಿನ್ನ ತಂಗಿ,
ಸಲಿಬಾಯ್

ತಾ.ಕ.: ಇದನ್ನು ಬೇರೆ ಯಾರಿಗೂ ಓದಿ ಹೇಳಬೇಡ. ನನ್ನ ಬಾಯಿ ತಪ್ಪಿರಲಿಲ್ಲ ಅಕ್ಕ. ಹಾಲ್‌ನ ಬಾಗಿಲಲ್ಲಿ ನಿಂತಾಗ ನನ್ನ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಅದನ್ನು ನುಂಗಿ ಅವಳದನ್ನು ಕರೆದೆ, ತಿಳಿದೇ ಕರೆದೆ. ಅಂದಿನಿಂದ ಬಾಗಿಲಿಗೆ ಅಗುಳಿ ಹಾಕುತ್ತಿಲ್ಲ. ಆ ಬಟ್ಟೆಯನ್ನು ಅವಳ ಹಾಸಿಗೆಯ ಮೇಲೆ, ಅವಳು ನೇಯ್ದ ಭಾಗ ದಿಂಬಿನ ಕಡೆಗೆ ಬರುವಂತೆ ಹಾಸಿದ್ದೇನೆ. ನನ್ನನ್ನು ಊರೆಲ್ಲ ಕರೆಯಿತು, ನಾನು ಬಂದೆ. ಅವಳು ಬಂದಿಲ್ಲ. ಗದ್ದೆಯ ಗೋಡೆಯ ಹತ್ತಿರ ಕರೆದಾಗಲೂ ಬರಲಿಲ್ಲ, ಈಗಲೂ ಬಂದಿಲ್ಲ. ನನ್ನ ಧ್ವನಿ ಅವಳವರೆಗೆ ಮುಟ್ಟುತ್ತಿಲ್ಲವೋ ಏನೋ. ನಿನ್ನದು ದೊಡ್ಡ ಧ್ವನಿ. ಯಾರೂ ಇಲ್ಲದ ಹೊತ್ತು ನೋಡಿ ಅಂಗಳಕ್ಕೆ ಬಂದು, ಬೆಟ್ಟದ ಕಡೆ ತಿರುಗಿ, ನೀನೊಮ್ಮೆ ಕರೆದು ನೋಡುತ್ತೀಯಾ?